ಕೋಶದೊಳಗಿನ ಕ್ಯಾಲ್ಸಿಯಂ: ಪ್ರತಿದೀಪಕ ಸೂಚಕಗಳ ಇತಿಹಾಸ

ಕಪ್ಪೆಯ ಹೃದಯ ಮಿಡಿಯಲು ಕ್ಯಾಲ್ಸಿಯಂ ಅಗತ್ಯವೆಂಬುದನ್ನು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ 1883ರಲ್ಲಿ ತೋರಿಸಿದರು. ಆದರೆ ಜೀವಂತ ಕೋಶದೊಳಗೆ ಅದು ಎಷ್ಟಿದೆ, ಯಾವ ಕ್ಷಣದಲ್ಲಿ ಏರುತ್ತದೆ ಎಂಬ ಪ್ರಶ್ನೆ ಬಹುಕಾಲ ಉಳಿಯಿತು. ವಿಶ್ರಾಂತ ಕೋಶದ್ರವದಲ್ಲಿ ಮುಕ್ತ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್ ಮಾತ್ರ. ಕೋಶದ ಹೊರಗೆ ಅದರ ಸುಮಾರು ಹತ್ತು ಸಾವಿರ ಪಟ್ಟು. ಒಳಗೇ ಇರುವ ಮೆಗ್ನೀಸಿಯಂ ಕೂಡ ಕ್ಯಾಲ್ಸಿಯಂಗಿಂತ ಸಾವಿರಾರು ಪಟ್ಟು ಹೆಚ್ಚು. ಇವೆರಡರ ನಡುವೆ ಅಲ್ಪಪ್ರಮಾಣದ ಕ್ಯಾಲ್ಸಿಯಮ್ಮನ್ನು ಗುರುತಿಸುವುದೇ ಮುಖ್ಯ ಸಮಸ್ಯೆಯಾಗಿತ್ತು.

ಅಂಬಲಿಮೀನಿನಿಂದ 1962ರಲ್ಲಿ ಬೇರ್ಪಡಿಸಲಾದ ಈಕ್ವೊರಿನ್ ಎಂಬ ಬೆಳಗುವ ಪ್ರೋಟೀನನ್ನು ರಿಡ್ಜ್‌ವೇ ಮತ್ತು ಆಶ್ಲಿ 1967ರಲ್ಲಿ ಬಾರ್ನಕಲ್ ಎಂಬ ಕಡಲಜೀವಿಯ ಸ್ನಾಯುತಂತುವಿಗೆ ಚುಚ್ಚಿ, ಕ್ಯಾಲ್ಸಿಯಂ ಏರಿಳಿತವನ್ನು ದಾಖಲಿಸಿದರು. ಸೂಜಿಯನ್ನು ತಾಳುವ ದೊಡ್ಡ ಕೋಶಗಳಿಗೆ ಮಾತ್ರ ಈ ವಿಧಾನ ಒಗ್ಗುತ್ತಿತ್ತು. ಕೇಂಬ್ರಿಡ್ಜಿನಲ್ಲಿದ್ದ ರೋಜರ್ ಚಿಯೆನ್ 1980ರಲ್ಲಿ, ಮೆಗ್ನೀಸಿಯಮ್ಮನ್ನು ಬಹುಮಟ್ಟಿಗೆ ಬಿಟ್ಟು ಕ್ಯಾಲ್ಸಿಯಮ್ಮನ್ನೇ ಹಿಡಿಯುವ ಬ್ಯಾಪ್ಟಾ ಅಣುವನ್ನು ರಚಿಸಿದರು. ಮರುವರ್ಷ ಅದಕ್ಕೆ ಎಸ್ಟರ್ ರೂಪ ಕೊಟ್ಟರು. ಎಸ್ಟರ್ ಕೋಶಪೊರೆಯನ್ನು ತಾನಾಗಿ ದಾಟುತ್ತದೆ. ಒಳಗಿನ ಕಿಣ್ವಗಳು ಅದನ್ನು ಸೀಳಿದೊಡನೆ ಅಣು ಹೊರಬರಲಾರದೆ ಅಲ್ಲಿಯೇ ಉಳಿಯುತ್ತದೆ. ಇದರಿಂದ ಸೂಜಿಯ ಅಗತ್ಯ ತಪ್ಪಿತು.

ಮೊದಲ ಸೂಚಕವಾದ ಕ್ವಿನ್-2ರಲ್ಲಿ ಒಂದು ಕೊರತೆಯಿತ್ತು. ಅದರ ಹೊಳಪು ಹೆಚ್ಚಿದರೆ ಕಾರಣ ಕ್ಯಾಲ್ಸಿಯಮ್ಮೋ ವರ್ಣಕದ ಪ್ರಮಾಣವೋ ಎಂದು ಹೇಳುವುದು ಕಷ್ಟವಾಗಿತ್ತು. 1985ರಲ್ಲಿ ಬಂದ ಫ್ಯೂರಾ-2 ಇದಕ್ಕೆ ಉತ್ತರವಾಯಿತು. 340 ಮತ್ತು 380 ನ್ಯಾನೊಮೀಟರ್ ಬೆಳಕನ್ನು ಸರದಿಯಂತೆ ಹಾಯಿಸಿ, ಸುಮಾರು 510 ನ್ಯಾನೊಮೀಟರಿನಲ್ಲಿ ಹೊಮ್ಮುವ ಹೊಳಪುಗಳ ಅನುಪಾತವನ್ನು ತೆಗೆದರೆ ವರ್ಣಕದ ಪ್ರಮಾಣವೂ ಕೋಶದ ದಪ್ಪವೂ ಲೆಕ್ಕದಿಂದ ಕಳೆದುಹೋಗುತ್ತವೆ. ಹೊಳಪು ಹೀಗೆ ಅಳತೆಯಾಯಿತು.

ಇಂಥ ಅಳತೆಯ ಮಹತ್ವಕ್ಕೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧನೆಯೇ ನಿದರ್ಶನ. ಗೈತಿ ಹಸನ್ ಅವರ ತಂಡ ಹಣ್ಣಿನ ನೊಣದಲ್ಲಿ, ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಮ್ಮನ್ನು ಬಿಡುಗಡೆ ಮಾಡುವ ಗ್ರಾಹಕವನ್ನು ಅಭ್ಯಸಿಸಿತು. ಆ ಜೀನ್ ದೋಷಗೊಂಡ ಕೆಲವು ನೊಣಗಳಿಗೆ ರೆಕ್ಕೆಯಿದ್ದರೂ ಹಾರಲಾಗುವುದಿಲ್ಲ. ದೋಷ ನರಕೋಶದ ಕ್ಯಾಲ್ಸಿಯಂ ಸಂಕೇತದಲ್ಲಿದೆಯೆಂಬುದನ್ನು ನೊಣವನ್ನು ನೋಡಿ ತಿಳಿಯಲಾಗದು. ಹೊರಗಿನಿಂದ ಕ್ಯಾಲ್ಸಿಯಂ ಒಳಬರುವ ದಾರಿಯನ್ನು ನರಕೋಶಗಳಲ್ಲಿ ಬಲಪಡಿಸಿದಾಗ ಹಾರಾಟ ಸುಧಾರಿಸಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಆದರೂ ಸೂಚಕ ಕೇವಲ ಸಾಕ್ಷಿಯಲ್ಲ. ಕ್ಯಾಲ್ಸಿಯಮ್ಮನ್ನು ತಾನೇ ಹಿಡಿದಿಡುವುದರಿಂದ, ಅತಿಯಾಗಿ ತುಂಬಿದರೆ ಅಳೆಯಬೇಕಾದ ಏರಿಳಿತವನ್ನೇ ಅದು ಕುಗ್ಗಿಸುತ್ತದೆ. 1997ರ ಕೆಮೀಲಿಯನ್, 2001ರ ಜಿಕ್ಯಾಂಪ್ ಎಂಬ ಜೀನ್‌ಮೂಲದ ಸೂಚಕಗಳು ಬೇಕಾದ ಕೋಶದಲ್ಲಷ್ಟೇ ಬೆಳಗುವ ಅನುಕೂಲ ತಂದರೂ ಈ ಎಚ್ಚರಿಕೆಯಿಂದ ವಿನಾಯಿತಿ ನೀಡಲಿಲ್ಲ. ಆದ್ದರಿಂದ ಈ ಇತಿಹಾಸವನ್ನು ಹೊಳಪು ಹೆಚ್ಚಿದ ಕಥೆಯೆನ್ನುವುದಕ್ಕಿಂತ, ಹೊಳಪನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಕಲಿತ ಕಥೆಯೆನ್ನುವುದೇ ಸರಿ.