ಹಡಗಲಿಗೆ ಹಡಗು ಬಂದಿತ್ತೇ?

ಹಂಪಿ ಮುಗಿಸಿ ಕುರುವತ್ತಿ, ಬಾಗಳಿ ಕಡೆ ಹೊರಟಿದ್ದ ಕ್ಯಾರವಾನ್ ಒಂದು ಕಳೆದ ಚಳಿಗಾಲದಲ್ಲಿ ಮಾಗಳದಲ್ಲಿ ನಿಂತಿತ್ತು. ಒಳಗೇ ಹಾಸಿಗೆ, ಒಳಗೇ ಒಲೆ ಇರುವ ಗಾಡಿ. ಸೂರ್ಯನಾರಾಯಣಸ್ವಾಮಿ ಗುಡಿ ನೋಡಿ ಹೊಳೆ ದಂಡೆಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಹೂವಿನ ಹಡಗು ಹೊರಡ್ತಿದ್ದ ಬಂದರು ಯಾವ ಕಡೆ, ಸರ್?"

ಆ ಕಥೆ ನಮ್ಮ ತಾಲ್ಲೂಕಿನಲ್ಲಿ ಎಲ್ಲರಿಗೂ ಗೊತ್ತು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ವಿರೂಪಾಕ್ಷನ ಪೂಜೆಗೆ ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಊರು ಹೂವಿನಹಡಗಲಿ ಆಯಿತು ಎಂದು. ಶಾಲೆಯ ಭಾಷಣದಿಂದ ಹಿಡಿದು ರಾಜಕಾರಣಿಗಳ ವೇದಿಕೆಯವರೆಗೂ ಇದೇ ಮಾತು.

ಆದರೆ ಹೆಸರು ಕಥೆಗಿಂತ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಈ ಊರು 'ಪೂವಿನ ಪೊಸವಡಂಗಿಲೆ'. ಪೂವು ಹೂವಾಯಿತು, ಪಡಂಗಿಲೆ ಹಡಗಲಿಯಾಯಿತು. ಆರನೇ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ವಿಜಯನಗರ ಹುಟ್ಟಿದ್ದು 1336ರಲ್ಲಿ. ಅಂದರೆ ಹಂಪಿ ರಾಜಧಾನಿಯಾಗುವ ಹೊತ್ತಿಗೆ ನಮ್ಮೂರಿನ ಹೆಸರಿನಲ್ಲಿ ಹೂವು ಸೇರಿ ಶತಮಾನಗಳೇ ಕಳೆದಿದ್ದವು.

ಹೂವು ಬೆಳೆಯುವವರನ್ನು ಕೇಳಿದರೂ ಲೆಕ್ಕ ಕೂಡುವುದಿಲ್ಲ. ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದು ತುಂಬಿ ಬಿಡುವುದು ಬೇಸಿಗೆಯಲ್ಲಿ. ಅಣೆಕಟ್ಟು, ಬ್ಯಾರೇಜು ಇಲ್ಲದ ಕಾಲದ ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ನೀರು ತುಂಬಿ ಬರುವ ಮಳೆಗಾಲದಲ್ಲಿ ಆ ಸೆಳೆತಕ್ಕೆ ಹೂವಿನ ಪುಟ್ಟಿ ಕೊಟ್ಟು ಕೂರುವ ಧೈರ್ಯ ಯಾರಿಗಿದ್ದೀತು? ಇನ್ನು ಬೆಳಿಗ್ಗೆ ಬಿಡಿಸಿದ ಮೊಗ್ಗು ಸಂಜೆಗೆ ಅರಳಿಬಿಡುತ್ತದೆ. ಹಡಗಲಿ ಊರಂತೂ ದಂಡೆಯ ಮೇಲೇ ಇಲ್ಲ. ದಂಡೆಯ ಮೇಲಿರುವುದು ಮಾಗಳ.

ಹಾಗಾದರೆ ಹೊಳೆಯ ಮೇಲೆ ಏನಿತ್ತು? ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಕಂಡದ್ದನ್ನು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಸುತ್ತುತ್ತಲೇ ಸಾಗುತ್ತದೆ. ಬೇಕಾದರೆ ಕುದುರೆ, ಎತ್ತನ್ನೂ ಹತ್ತಿಸಬಹುದು, ಆದರೆ ಅವು ಹೆಚ್ಚಾಗಿ ಈಜಿಯೇ ದಾಟುತ್ತವೆ. ನಮ್ಮ ಹರಿಗೋಲೇ ಅದು. ರಾಜ್ಯದ ಹೊಳೆಗಳಲ್ಲೆಲ್ಲ ಇದನ್ನು ಬಿಟ್ಟರೆ ಬೇರೆ ದೋಣಿಯೇ ಇಲ್ಲ ಎಂದೂ ಅವನು ಸೇರಿಸಿದ್ದಾನೆ. ಹರಿಗೋಲು ಈ ದಂಡೆಯಿಂದ ಆ ದಂಡೆಗೆ ದಾಟಿಸಲು ಹೇಳಿ ಮಾಡಿಸಿದ್ದು. ಊರಿಂದ ಊರಿಗೆ ಸರಕು ಒಯ್ಯುವ ಕೆಲಸ ಎತ್ತಿನದು.

ಆ ಎತ್ತುಗಳನ್ನೂ ಪಾಯೆಸ್ ನೋಡಿದ್ದ. ಸಮುದ್ರದ ಸರಕು ಇಳಿಯುತ್ತಿದ್ದ ಭಟ್ಕಳಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರಿನ ಎತ್ತು ಬರುತ್ತಿದ್ದವಂತೆ. ಇಪ್ಪತ್ತು ಮೂವತ್ತು ಎತ್ತಿಗೆ ಹಿಂದಿನಿಂದ ಹೊಡೆಯುವವನು ಒಬ್ಬನೇ. ಕ್ಯಾರವಾನ್ ಎಂದರೆ ಮೂಲದಲ್ಲಿ ಇದೇ: ಹೇರು ಹೊತ್ತು ಸಾಗುವ ಸಾಲು.

ಆ ಹೊಡೆಯುವವರು ಯಾವ ಜನ ಎಂದು ಪಾಯೆಸ್ ಬರೆದಿಲ್ಲ. ಮುಂದಿನ ಶತಮಾನಗಳಲ್ಲಿ ಅದೇ ಕಸುಬನ್ನು ದಖ್ಖನ್ನಿನಲ್ಲಿ ದೊಡ್ಡದಾಗಿ ನಡೆಸಿದವರು ಲಂಬಾಣಿಗಳು. ಉಪ್ಪು, ಕಾಳು ಹೇರಿಕೊಂಡು ಹೋಗುವುದಕ್ಕೆ ಅವರ ಮಾತಿನಲ್ಲಿ ಲದೇಣಿ ಎನ್ನುತ್ತಾರೆ. 1791ರಲ್ಲಿ ಟಿಪ್ಪುವಿನ ಮೇಲೆ ಹೋದ ಕಾರ್ನ್‌ವಾಲಿಸ್‌ನ ದಂಡಿಗೆ ದವಸ ಮುಟ್ಟಿಸಿದವರಲ್ಲಿ ಅವರೂ ಇದ್ದರು. ಮುಂದೆ ರೈಲು ಬಂತು. ಗೂಡ್ಸ್ ಗಾಡಿಯ ಮುಂದೆ ಎತ್ತಿನ ಸಾಲು ಎಷ್ಟು ದಿನ ನಿಂತೀತು? ಕಸುಬು ಹೋದದ್ದು ಸಾಲದೆಂಬಂತೆ, ದಂಡಿಗೆ ಅನ್ನ ಕೊಡಿಸಿದ ಈ ಜನರನ್ನೇ ಹಲವು ಕಡೆ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಪಟ್ಟಿಗೆ ಸೇರಿಸಿದರು.

ಹೊಳೆಯೂ ಅಷ್ಟರಲ್ಲಿ ಗಡಿಯಾಗಿತ್ತು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ ಸೀಮೆ ಮದ್ರಾಸಿಗೆ ಹೋಯಿತು, ಎದುರಿನ ಧಾರವಾಡ ಸೀಮೆ ಮುಂಬೈಗೆ. 1953ರಲ್ಲಿ ನಾವು ಮೈಸೂರಿಗೆ ಸೇರಿದೆವು, ಧಾರವಾಡದವರು 1956ರಲ್ಲಿ. ಅಲ್ಲಿಯವರೆಗೆ ಬೀಗರ ಮನೆಗೆಂದು ಹರಿಗೋಲು ಹತ್ತಿದವರು ಇಳಿಯುತ್ತಿದ್ದದ್ದು ಬೇರೆ ಸರ್ಕಾರದ ನೆಲದಲ್ಲಿ! ಈಗ ಮದಲಗಟ್ಟಿ–ಕೊರ್ಲಹಳ್ಳಿ ಸೇತುವೆಯ ಮೇಲೆ ಮುಂಡರಗಿ ಕಡೆಯ ಬಸ್ಸು ನಿಮಿಷದಲ್ಲಿ ದಾಟುತ್ತದೆ.

ಹಡಗಿನ ಕಥೆ ಬೇಡ ಎನ್ನುವುದಿಲ್ಲ. ಕೇಳಲು ಚೆಂದ, ಹೇಳಲೂ ಚೆಂದ. ಆದರೆ ಆ ಕಥೆಯಲ್ಲಿ ಅರಸ ಇದ್ದಾನೆ, ದೇವರಿದ್ದಾನೆ. ಹುಟ್ಟು ಹಾಕಿದ ಅಂಬಿಗನಿಲ್ಲ, ಎತ್ತಿನ ಹಿಂದೆ ನಡೆದವನಿಲ್ಲ. ಅವರ ಮೊಮ್ಮಕ್ಕಳು ಮಾತ್ರ ಇಲ್ಲೇ ಇದ್ದಾರೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಮನೆಗಳಿಗೆ ಬೀಗ ಬೀಳುತ್ತದೆ. ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಕಬ್ಬು ಕಡಿಯಲು ಮಂಡ್ಯದ ಕಡೆ, ಕಾಫಿ ಕೊಯ್ಯಲು ಚಿಕ್ಕಮಗಳೂರಿನ ಕಡೆ ಹೊರಡುತ್ತಾರೆ. ಮುದುಕರು ಕಟ್ಟೆಯ ಮೇಲೆ ಉಳಿಯುತ್ತಾರೆ.