ಎಂಜಿನ್ನಿನ ತಪ್ಪಲ್ಲ, ಗುಳ್ಳೆಯದು: ಪ್ರೊಪೆಲರ್ ಕಲಿಸಿದ ಪಾಠ

ಹೊನ್ನಾಳಿಯ ಬಳಿ ತುಂಗಭದ್ರೆಯಲ್ಲಿ ತೆಪ್ಪ ಸಾಗುವುದನ್ನು ನೀವು ನೋಡಿರಬಹುದು. ಅಂಬಿಗ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾನೆ, ತೆಪ್ಪ ಮುಂದಕ್ಕೆ ಹೋಗುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ. ಹಾಗಾದರೆ ವೇಗ ಹೆಚ್ಚಬೇಕಾದರೆ ಏನು ಮಾಡಬೇಕು? ವಿದ್ಯಾರ್ಥಿಗಳನ್ನು ಕೇಳಿ ನೋಡಿ. ‘ಇನ್ನೂ ಜೋರಾಗಿ ತಳ್ಳಬೇಕು’ ಎಂಬುದೇ ಬಹುಪಾಲು ಉತ್ತರವಾಗಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳೂ ಹಾಗೆಯೇ ನಂಬಿದ್ದರು. ಆ ನಂಬಿಕೆ ಎಲ್ಲಿ ಮುರಿದುಬಿತ್ತು, ಅದರಿಂದ ಚನ್ನಗಿರಿಯ ತೋಟದವರಿಗೂ ಜಗಳೂರಿನ ಕೊಳವೆಬಾವಿಯವರಿಗೂ ಏನು ಪಾಠವಿದೆ ಎಂಬುದೇ ಈ ಲೇಖನದ ವಿಷಯ.

ಮುರಿದ ತಿರುಪು

1836ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಮತ್ತು ಜಾನ್ ಎರಿಕ್ಸನ್ ಎಂಬಿಬ್ಬರು ಕೆಲವೇ ವಾರಗಳ ಅಂತರದಲ್ಲಿ ಹಡಗಿನ ಪ್ರೊಪೆಲರಿಗೆ ಪೇಟೆಂಟ್ ಪಡೆದರು. ಸ್ಮಿತ್‌ನ ಪ್ರೊಪೆಲರ್ ಇಂದಿನ ಅಲಗುಗಳಂತಿರಲಿಲ್ಲ. ಅದು ಎರಡು ಪೂರ್ಣ ಸುತ್ತುಗಳಿದ್ದ ಉದ್ದನೆಯ ಮರದ ತಿರುಪು. ಮರಕ್ಕೆ ತಿರುಪುಮೊಳೆ ಇಳಿಯುವಂತೆ ಇದು ನೀರಿನೊಳಗೆ ಕೊರೆದುಕೊಂಡು ಹೋಗುತ್ತದೆ ಎಂಬುದು ಅವನ ಕಲ್ಪನೆ. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ತಿರುಪು ಯಾವುದಕ್ಕೋ ಬಡಿದು ಅರ್ಧ ಮುರಿದುಹೋಯಿತು. ದೋಣಿ ನಿಲ್ಲಬೇಕಿತ್ತು. ಬದಲಿಗೆ ಅದರ ವೇಗ ಹೆಚ್ಚಿತು!

ಕಾರಣ ಇಂದು ನಮಗೆ ತಿಳಿದಿದೆ. ನೀರು ಮರವಲ್ಲ. ಅದು ಜಾರುತ್ತದೆ. ಉದ್ದನೆಯ ತಿರುಪಿನ ಹಿಂಭಾಗ ನೀರಿನೊಡನೆ ತಿಕ್ಕಾಡಿ ಘರ್ಷಣೆಯನ್ನು ಹೆಚ್ಚಿಸುತ್ತಿತ್ತೇ ಹೊರತು ನೂಕುಬಲವನ್ನಲ್ಲ. ಸ್ಮಿತ್‌ನ ಹೆಚ್ಚುಗಾರಿಕೆ ಇರುವುದು ಅಪಘಾತದಲ್ಲಲ್ಲ, ಅದನ್ನು ಗಮನಿಸಿ ವಿನ್ಯಾಸವನ್ನೇ ಬದಲಿಸಿದ್ದರಲ್ಲಿ.

1845ರಲ್ಲಿ ಬ್ರಿಟಿಷ್ ನೌಕಾಪಡೆ ಪ್ರೊಪೆಲರಿನ ‘ರ್‍ಯಾಟ್ಲರ್’ ಹಡಗನ್ನೂ ಪಕ್ಕದ ಗಾಲಿಗಳಿಂದ ಸಾಗುವ ‘ಅಲೆಕ್ಟೊ’ ಹಡಗನ್ನೂ ಹಿಂಬದಿಗೆ ಹಿಂಬದಿ ಕಟ್ಟಿ ಹಗ್ಗಜಗ್ಗಾಟ ನಡೆಸಿತು. ರ್‍ಯಾಟ್ಲರ್ ಎದುರಾಳಿಯನ್ನು ಸುಮಾರು 2.5 ನಾಟ್ ವೇಗದಲ್ಲಿ ಹಿಂದಕ್ಕೆ ಎಳೆದೊಯ್ದಿತು. ಪಠ್ಯಗಳು ಈ ಕಥೆಯನ್ನು ಪ್ರೊಪೆಲರಿನ ವಿಜಯವೆಂದು ಹೇಳುತ್ತವೆ. ಆದರೆ ಆ ದಿನ ರ್‍ಯಾಟ್ಲರಿನ ಎಂಜಿನ್ ಎದುರಾಳಿಯದಕ್ಕಿಂತ ಹೆಚ್ಚು ಶಕ್ತಿ ನೀಡುತ್ತಿತ್ತೆಂಬುದನ್ನು ಮರೆಯಬಾರದು. ಹಗ್ಗಜಗ್ಗಾಟ ಜನರ ಕಣ್ಣಿಗೆ ಹಬ್ಬ. ನಿಜವಾದ ಪುರಾವೆ ಇದ್ದದ್ದು 1843ರಿಂದ ಅದೇ ಹಡಗಿಗೆ ಬಗೆಬಗೆಯ ಪ್ರೊಪೆಲರುಗಳನ್ನು ಒಂದೊಂದಾಗಿ ಜೋಡಿಸಿ ವೇಗ ಅಳೆದ ಬೇಸರದ ಪಟ್ಟಿಗಳಲ್ಲಿ.

ಪಿಚ್ ಮತ್ತು ಸ್ಲಿಪ್

ಇಂದಿನ ವೇಗದ ಮೋಟಾರು ದೋಣಿಯ ಪ್ರೊಪೆಲರನ್ನು ಹದಗೊಳಿಸುವವರೂ ಮಾಡುವುದು ಅದೇ ಪಟ್ಟಿಯ ಕೆಲಸ. ಅವರ ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಪ್ರೊಪೆಲರ್ ಜಾರದೆ ಒಂದು ಸುತ್ತು ಸುತ್ತಿದರೆ ಎಷ್ಟು ದೂರ ಮುಂದೆ ಹೋಗಬೇಕೋ ಅದೇ ಅದರ ಪಿಚ್. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಲ್ಲಿ, ಅಂದರೆ ನಮ್ಮ ಸೂಳೆಕೆರೆಯಲ್ಲಿ, ಅಂಥದೊಂದು ದೋಣಿಯನ್ನು ಇಳಿಸಿದೆವೆಂದು ಊಹಿಸಿಕೊಳ್ಳಿ. ಪಿಚ್ 21 ಅಂಗುಲ, ಅಂದರೆ 0.533 ಮೀಟರ್. ಎಂಜಿನ್ ನಿಮಿಷಕ್ಕೆ 5,800 ಸುತ್ತು ತಿರುಗುತ್ತಿದೆ. ಗೇರಿನ ಅನುಪಾತ 1.75. ಆಗ ಪ್ರೊಪೆಲರ್ ನಿಮಿಷಕ್ಕೆ ಸುಮಾರು 3,314 ಸುತ್ತು ತಿರುಗುತ್ತದೆ. ಪಿಚ್‌ನಿಂದ ಗುಣಿಸಿದರೆ ಗಂಟೆಗೆ 106 ಕಿ.ಮೀ. ಬರುತ್ತದೆ. ಆದರೆ ಜಿಪಿಎಸ್ ಉಪಕರಣ 94 ಕಿ.ಮೀ. ಎಂದು ತೋರಿಸಿತು ಎನ್ನೋಣ. ಕೊರತೆಯಾದ 12 ಕಿ.ಮೀ., ಅಂದರೆ ಶೇ. 11ರಷ್ಟು, ಸ್ಲಿಪ್.

ಸ್ಲಿಪ್ ಪೂರ್ತಿ ನಷ್ಟವೆಂದು ತಿಳಿಯಬೇಡಿ. ನೀರನ್ನು ಹಿಂದಕ್ಕೆ ತಳ್ಳದೆ ದೋಣಿ ಮುಂದೆ ಹೋಗಲಾರದು, ತಳ್ಳಿದ ನೀರು ಜಾರಲೇಬೇಕು. ಸ್ವಲ್ಪ ಸ್ಲಿಪ್ ಪ್ರಕೃತಿ ಕೇಳುವ ಸುಂಕ. ಅದು ಇದ್ದಕ್ಕಿದ್ದಂತೆ ಹೆಚ್ಚಿದರೆ ಮಾತ್ರ ಬೇರೇನೋ ನಡೆಯುತ್ತಿದೆ ಎಂದರ್ಥ.

ಎಂಜಿನ್ ಮೇಲಿನ ಅನುಮಾನ

1890ರ ದಶಕದಲ್ಲಿ ಹಾಗೆಯೇ ಆಯಿತು. ‘ಡೇರಿಂಗ್’ ಎಂಬ ಬ್ರಿಟಿಷ್ ಯುದ್ಧನೌಕೆ ಪರೀಕ್ಷೆಯಲ್ಲಿ ನಿರೀಕ್ಷಿಸಿದ ವೇಗವನ್ನು ಮುಟ್ಟಲಿಲ್ಲ. ಅದನ್ನು ಕಟ್ಟಿದ ಥಾರ್ನಿಕ್ರಾಫ್ಟ್ ಸಂಸ್ಥೆಯ ಸಿಡ್ನಿ ಬಾರ್ನಬಿ ಪ್ರೊಪೆಲರಿನ ಅಲಗುಗಳ ವಿಸ್ತೀರ್ಣ ಹೆಚ್ಚಿಸಿದಾಗ, ಎಂಜಿನ್ ಅದೇ ಇದ್ದರೂ ವೇಗ ಬಂತು. ಅಲಗಿನ ಹಿಂಬದಿಯಲ್ಲಿ ನೀರು ಕಡಿದುಹೋಗಿ ಪೊಳ್ಳು ಉಂಟಾಗುತ್ತದೆ ಎಂದು ಅವರು ತರ್ಕಿಸಿದರು. ಈ ವಿದ್ಯಮಾನಕ್ಕೆ ‘ಕ್ಯಾವಿಟೇಶನ್’ ಎಂಬ ಹೆಸರು ಸೂಚಿಸಿದವರು ಆರ್. ಇ. ಫ್ರೂಡ್.

1894ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ತಮ್ಮ ಹಬೆ ಟರ್ಬೈನನ್ನು ಜಗತ್ತಿಗೆ ತೋರಿಸಲು ‘ಟರ್ಬಿನಿಯಾ’ ಎಂಬ ಸುಮಾರು 31 ಮೀಟರ್ ಉದ್ದದ ಹಡಗನ್ನು ನೀರಿಗಿಳಿಸಿದರು. ಅದೂ ನಿರಾಶೆಗೊಳಿಸಿತು. ವೇಗ 20 ನಾಟ್ ಸಹ ದಾಟಲಿಲ್ಲ. ಟರ್ಬೈನ್ ಹೊಸ ಯಂತ್ರವಾದ್ದರಿಂದ ಎಲ್ಲರ ಬೆರಳೂ ಅದರತ್ತಲೇ ತಿರುಗುವುದು ಸಹಜವಾಗಿತ್ತು. ಪಾರ್ಸನ್ಸ್ ವಾದ ಮಾಡಲಿಲ್ಲ, ಅಳೆದರು. ಟರ್ಬೈನಿಗೂ ಪ್ರೊಪೆಲರಿಗೂ ನಡುವೆ ತಿರುಚುಬಲ ಅಳೆಯುವ ಸ್ಪ್ರಿಂಗ್ ಉಪಕರಣವನ್ನು ಜೋಡಿಸಿದರು. ಟರ್ಬೈನ್ ತಾನು ಕೊಡಬೇಕಾದ ಶಕ್ತಿಯನ್ನು ಕೊಡುತ್ತಲೇ ಇತ್ತು. ಅದು ನೂಕುಬಲವಾಗದೆ ಪ್ರೊಪೆಲರಿನಲ್ಲಿ ಹಾಳಾಗುತ್ತಿತ್ತು.

ಮುಂದಿನ ಹೆಜ್ಜೆ ಇನ್ನೂ ಸೊಗಸಾದದ್ದು. ಓಡುವ ಹಡಗಿನ ಅಡಿಯಲ್ಲಿ ಏನಾಗುತ್ತದೆಂದು ನೋಡಲಾಗದು. ಆದ್ದರಿಂದ 1895ರಲ್ಲಿ ಪಾರ್ಸನ್ಸ್ ನೀರು ಸುತ್ತಿ ಬರುವ ಪುಟ್ಟ ತಾಮ್ರದ ಸುರಂಗವನ್ನು ಮಾಡಿಸಿ, ಅದರಲ್ಲಿ 2 ಅಂಗುಲ ವ್ಯಾಸದ ಪ್ರೊಪೆಲರನ್ನು ತಿರುಗಿಸಿದರು. ನೀರಿನ ಮೇಲಿನ ಗಾಳಿಯನ್ನು ಪಂಪಿನಿಂದ ತೆಗೆದು ಒತ್ತಡ ಇಳಿಸಿದರು. ಪ್ರೊಪೆಲರಿನ ಸುತ್ತಿಗೆ ಹೊಂದುವಂತೆ ಮಿಂಚುವ ಬೆಳಕು ಬಿಟ್ಟಾಗ ತಿರುಗುವ ಅಲಗು ನಿಂತಂತೆ ಕಂಡಿತು, ಅದರ ಬೆನ್ನಿಗೆ ಅಂಟಿದ ಗುಳ್ಳೆಗಳೂ ಕಂಡವು. ಕ್ಯಾವಿಟೇಶನ್ನಿಗೆಂದೇ ಮಾಡಿದ ಮೊದಲ ಸುರಂಗ ಅದು.

ಬಳಿಕ ಟರ್ಬಿನಿಯಾಕ್ಕೆ ಒಂದರ ಬದಲು ಮೂರು ದಂಡಗಳು, ಪ್ರತಿಯೊಂದಕ್ಕೂ ಮೂರು ಪ್ರೊಪೆಲರುಗಳು ಬಂದವು. ಒಂದೇ ಅಲಗಿನ ಮೇಲೆ ಬೀಳುತ್ತಿದ್ದ ಹೊರೆ ಹಂಚಿಹೋಯಿತು. 1897ರ ಜೂನ್‌ನಲ್ಲಿ ಸ್ಪಿಟ್‌ಹೆಡ್‌ನ ನೌಕಾ ಪ್ರದರ್ಶನದಲ್ಲಿ ಈ ಹಡಗು ಕರೆಯದೆ ಬಂದ ಅತಿಥಿಯಂತೆ ನುಗ್ಗಿ, ಕಾವಲು ದೋಣಿಗಳಿಗೆ ಸಿಗದೆ ಓಡಾಡಿತು. ಅದು ಮುಟ್ಟಿದ ವೇಗ 34 ನಾಟ್‌ಗೂ ಹೆಚ್ಚು, ಎಂದರೆ ಗಂಟೆಗೆ ಸುಮಾರು 64 ಕಿ.ಮೀ.

ಕಾಯಿಸದೆ ಕುದಿಯುವ ನೀರು

ಈ ಗುಳ್ಳೆ ಎಲ್ಲಿಂದ ಬರುತ್ತದೆ? ನೀರು ಕುದಿಯಲು 100 ಡಿಗ್ರಿ ಸೆಲ್ಸಿಯಸ್ ಬೇಕೆಂಬುದು ಸಮುದ್ರಮಟ್ಟದ ಒತ್ತಡದಲ್ಲಿ ಮಾತ್ರ ನಿಜ. ಒತ್ತಡ ಇಳಿಸಿದರೆ ತಣ್ಣೀರೂ ಕುದಿಯುತ್ತದೆ. 25 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ 3.2 ಕಿಲೊಪಾಸ್ಕಲ್. ಬರ್ನೌಲಿ ನಿಯಮದಂತೆ ಅಲಗಿನ ಬೆನ್ನ ಮೇಲೆ ನೀರು ವೇಗವಾಗಿ ಹರಿಯುವಲ್ಲಿ ಒತ್ತಡ ಇಳಿಯುತ್ತದೆ. ಅದು 3.2ಕ್ಕೆ ಇಳಿದೊಡನೆ ನೀರು ಅಲ್ಲೇ ಆವಿಯಾಗುತ್ತದೆ.

ನಮ್ಮ ಶಾಂತಿಸಾಗರದ ದೋಣಿಗೆ ಮರಳಿ ಬನ್ನಿ. ಕೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ವಾಯುಭಾರ 101 ಅಲ್ಲ, ಸುಮಾರು 94 ಕಿಲೊಪಾಸ್ಕಲ್. ಪ್ರೊಪೆಲರಿನ ವ್ಯಾಸ 35 ಸೆಂ.ಮೀ. ಇದ್ದರೆ ಅಲಗಿನ ತುದಿ ಸೆಕೆಂಡಿಗೆ 60 ಮೀಟರಿನಷ್ಟು ವೇಗದಲ್ಲಿ ಸುತ್ತುತ್ತದೆ. ಆ ವೇಗಕ್ಕೆ ½ρv² ಲೆಕ್ಕ ಹಾಕಿ. ಸುಮಾರು 1,800 ಕಿಲೊಪಾಸ್ಕಲ್ ಬರುತ್ತದೆ. ಇದರ ಶೇ. 5ರಷ್ಟು ಒತ್ತಡ ಇಳಿದರೂ ಸಾಕು, ನೀರು ಕುದಿಯುತ್ತದೆ. ಇಷ್ಟು ವೇಗದಲ್ಲಿ ಗುಳ್ಳೆಯನ್ನು ತಪ್ಪಿಸುವುದು ಅಸಾಧ್ಯವೆಂದೇ ಹೇಳಬೇಕು.

ಗುಳ್ಳೆ ಹುಟ್ಟುವುದಕ್ಕಿಂತ ಸಾಯುವುದು ಅಪಾಯಕಾರಿ. ಒತ್ತಡ ಹೆಚ್ಚಿರುವಲ್ಲಿಗೆ ಸರಿದೊಡನೆ ಅದು ಕುಸಿಯುತ್ತದೆ. 1 ಮಿ.ಮೀ. ತ್ರಿಜ್ಯದ ಆವಿಗುಳ್ಳೆ ಕುಸಿಯಲು ಒಂದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗವೂ ಬೇಡ. ತ್ರಿಜ್ಯ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಕುಗ್ಗಿದಾಗ ಸುತ್ತಲ ನೀರಿನಲ್ಲಿ ಒತ್ತಡ ಮೊದಲಿನ ಸುಮಾರು 1,260 ಪಟ್ಟು ಆಗುತ್ತದೆಂದು 1917ರಲ್ಲಿ ಲಾರ್ಡ್ ರೇಲೆ ಲೆಕ್ಕಮಾಡಿ ತೋರಿಸಿದರು. ಈ ಪುಟ್ಟ ಸುತ್ತಿಗೆಗಳ ಏಟಿಗೆ ಕಂಚಿನ ಅಲಗೂ ಗೆದ್ದಲು ತಿಂದ ಮರದಂತಾಗುತ್ತದೆ.

ಗುಳ್ಳೆ ನಿಖರವಾಗಿ ಎಲ್ಲಿ ಹುಟ್ಟುತ್ತದೆಂಬ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿಜಯ್ ಅರಕೇರಿಯವರೂ ಒಬ್ಬರು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಅಲನ್ ಅಕೋಸ್ಟಾ ಅವರೊಡನೆ ನಡೆಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರಿನ ತೆಳು ಪದರ ಮೇಲ್ಮೈಯನ್ನು ಬಿಟ್ಟು ಬೇರ್ಪಡುವ ಜಾಗಕ್ಕೂ ಕ್ಯಾವಿಟೇಶನ್ ಆರಂಭಕ್ಕೂ ಇರುವ ಸಂಬಂಧವನ್ನು ಅವರು ತೋರಿಸಿದರು. ಒತ್ತಡದ ಲೆಕ್ಕವೊಂದೇ ಸಾಲದು, ನೀರಿನ ಸ್ನಿಗ್ಧತೆಯನ್ನೂ ಗಮನಿಸಬೇಕೆಂಬುದು ಅದರ ಸಾರ.

ಶತ್ರುವಿನೊಡನೆ ಸಂಧಿ

ಗುಳ್ಳೆ ತಪ್ಪದು ಎಂದಾದಮೇಲೆ ವೇಗದ ದೋಣಿಯವರು ಅದರೊಡನೆ ಸಂಧಿ ಮಾಡಿಕೊಂಡರು. 1950ರ ದಶಕದಲ್ಲಿ ಮಾರ್ಷಲ್ ಟ್ಯುಲಿನ್ ಮೊದಲಾದವರು ಅಲಗಿನ ಬೆನ್ನನ್ನು ಒಂದೇ ದೊಡ್ಡ ಪೊಳ್ಳು ಪೂರ್ತಿ ಮುಚ್ಚುವಂತೆ ಚೂಪು ಅಂಚಿನ, ಬೆಣೆಯಾಕಾರದ ಅಲಗುಗಳ ಸಿದ್ಧಾಂತ ರೂಪಿಸಿದರು. ಪೊಳ್ಳು ಅಲಗನ್ನು ದಾಟಿ ಹಿಂದೆ ಕುಸಿಯುವುದರಿಂದ ಲೋಹಕ್ಕೆ ಏಟಿಲ್ಲ. ಇನ್ನೊಂದು ದಾರಿ ಅದಕ್ಕಿಂತ ಹಳೆಯದು. ಆಲ್ಬರ್ಟ್ ಹಿಕ್‌ಮನ್ 1910ರ ದಶಕದಲ್ಲೇ ತಮ್ಮ ದೋಣಿಗಳಲ್ಲಿ ಪ್ರೊಪೆಲರಿನ ಅರ್ಧವನ್ನು ನೀರಿನ ಮೇಲೆ ಇಟ್ಟರು. ಅಲಗು ಪ್ರತಿ ಸುತ್ತಿನಲ್ಲೂ ಗಾಳಿಯನ್ನು ಜೊತೆಗೆ ಒಯ್ಯುತ್ತದೆ. ಗಾಳಿ ಆವಿಯಂತೆ ಕ್ಷಣದಲ್ಲಿ ಇಲ್ಲವಾಗುವುದಿಲ್ಲ, ಮೆತ್ತೆಯಂತೆ ಏಟನ್ನು ತಡೆಯುತ್ತದೆ. ಇಂದಿನ ಸ್ಪರ್ಧೆಯ ದೋಣಿಗಳಲ್ಲಿ ಇಂಥ ಪ್ರೊಪೆಲರುಗಳು ಸಾಮಾನ್ಯ. ಅವುಗಳ ಅಲಗಿನ ಹಿಂದಂಚನ್ನು ತುಸು ಬಗ್ಗಿಸುವುದು, ಪಿಚ್ಚನ್ನು ಒಂದೊಂದೇ ಅಂಗುಲ ಬದಲಿಸುವುದು, ಪ್ರತಿ ಸಲವೂ ಸುತ್ತು ಮತ್ತು ವೇಗವನ್ನು ಬರೆದಿಡುವುದು, ಇದೇ ಹದಗೊಳಿಸುವ ವಿದ್ಯೆ.

ಸಮುದ್ರವಿಲ್ಲದ ಊರಿನ ಪ್ರೊಪೆಲರ್

‘ನಮ್ಮ ಊರಿಗೂ ಇದಕ್ಕೂ ಏನು ಸಂಬಂಧ?’ ಎಂದು ನೀವು ಕೇಳಬಹುದು. ನಿಮ್ಮ ಪಂಪ್‌ಸೆಟ್ಟಿನೊಳಗೆ ತಿರುಗುವ ಇಂಪೆಲರ್ ಪ್ರೊಪೆಲರಿನ ದಾಯಾದಿ. ಹೊನ್ನಾಳಿ, ನ್ಯಾಮತಿಯ ಹೊಳೆದಂಡೆಯಲ್ಲಿ ಬೇಸಿಗೆಗೆ ನೀರು ಕೆಳಗಿಳಿದಾಗ ಪಂಪು ನೀರನ್ನು ಹೆಚ್ಚು ಎತ್ತರಕ್ಕೆ ಹೀರಬೇಕಾಗುತ್ತದೆ. ಹೀರುವುದೆಂದರೆ ವಾಸ್ತವದಲ್ಲಿ ವಾಯುಭಾರ ನೀರನ್ನು ಮೇಲಕ್ಕೆ ತಳ್ಳುವುದು. ನಮ್ಮ ಎತ್ತರದಲ್ಲಿ ಅದರ ತಾತ್ವಿಕ ಮಿತಿಯೇ ಸುಮಾರು 9.6 ಮೀಟರ್, ಬಳಕೆಯಲ್ಲಿ 6-7 ಮೀಟರ್. ಮಿತಿ ಸಮೀಪಿಸಿದಾಗ ಇಂಪೆಲರಿನ ಬಾಯಲ್ಲಿ ನೀರು ಕುದಿಯುತ್ತದೆ. ಪಂಪಿನೊಳಗೆ ಜಲ್ಲಿಕಲ್ಲು ಸುರಿದಂಥ ಸದ್ದು ಕೇಳುತ್ತದೆ, ನೀರು ಕಡಿಮೆಯಾಗುತ್ತದೆ. ಜಗಳೂರಿನ ಆಳದ ಕೊಳವೆಬಾವಿಗಳಲ್ಲಿ ಪಂಪನ್ನು ನೀರಿನೊಳಗೇ ಇಳಿಸುವುದಕ್ಕೂ ಇದೇ ಕಾರಣ. ಅಷ್ಟು ಆಳದಿಂದ ಹೀರುವುದು ಸಾಧ್ಯವಿಲ್ಲ, ಕೆಳಗಿನಿಂದ ತಳ್ಳಬೇಕು.

ಆ ಸದ್ದು ಬಂದಾಗ ಸಿಗುವ ಸಲಹೆ ಯಾವುದು? ‘ಹೆಚ್ಚು ಎಚ್.ಪಿ.ಯ ಮೋಟಾರು ಹಾಕಿಸಿ.’ ಸಾಲ ಮಾಡಿ ದೊಡ್ಡ ಪಂಪ್‌ಸೆಟ್ಟು ತಂದರೆ ಹೀರುಕೊಳವೆಯಲ್ಲಿ ಹರಿವು ಹೆಚ್ಚಿ, ಒತ್ತಡ ಇನ್ನಷ್ಟು ಇಳಿದು, ಗುಳ್ಳೆ ಮತ್ತೂ ಹೆಚ್ಚುತ್ತದೆ. ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸುವುದು, ಹೀರುಕೊಳವೆಯನ್ನು ಅಗಲಿಸುವುದು, ಬಾಗುಗಳನ್ನು ಕಡಿಮೆ ಮಾಡುವುದು, ಕಟ್ಟಿಕೊಂಡ ಫುಟ್‌ವಾಲ್ವನ್ನು ಶುಚಿಮಾಡುವುದು ಸರಿಯಾದ ಮದ್ದು. ಇವುಗಳ ಖರ್ಚು ಹೊಸ ಮೋಟಾರಿನ ಮುಂದೆ ಅತ್ಯಲ್ಪ.

ಶಿಕ್ಷಕರೇ, ಇದನ್ನು ತರಗತಿಯಲ್ಲಿ ತೋರಿಸಲು ಸೂಜಿ ಇಲ್ಲದ ಒಂದು ಸಿರಿಂಜ್ ಸಾಕು. ಕೈಗೆ ತಾಳುವಷ್ಟು ಬಿಸಿಯಾದ ನೀರನ್ನು ಅದರಲ್ಲಿ ಸ್ವಲ್ಪ ಎಳೆದುಕೊಂಡು, ಗಾಳಿಯನ್ನು ಹೊರಹಾಕಿ, ತುದಿಯನ್ನು ಬೆರಳಿನಿಂದ ಮುಚ್ಚಿ ಕೊಂತವನ್ನು ಜೋರಾಗಿ ಹಿಂದಕ್ಕೆಳೆಯಿರಿ. ನೀರಿನಲ್ಲಿ ಗುಳ್ಳೆಗಳು ಏಳುತ್ತವೆ. ಕೊಂತವನ್ನು ಬಿಡಿ. ತಕ್ಷಣ ಮಾಯವಾಗುವುದು ಆವಿ, ಉಳಿಯುವ ಪುಟ್ಟ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿ. ಪಾರ್ಸನ್ಸ್ ತಾಮ್ರದ ಸುರಂಗದಲ್ಲಿ ಕಂಡದ್ದರ ತತ್ವ ಇದೇ. ಪ್ರಯೋಗ ಮುಗಿದಮೇಲೆ ವಿದ್ಯಾರ್ಥಿಗಳಿಗೆ ಮನೆಪಾಠವಾಗಿ ಒಂದು ಅಳತೆ ಕೊಡಿ: ತಮ್ಮ ತೋಟದ ಪಂಪಿನಿಂದ ನೀರಿನ ಮಟ್ಟಕ್ಕೆ ಎಷ್ಟು ಮೀಟರ್ ಎಂದು ಬರೆದು ತರಲಿ. ಆರಕ್ಕಿಂತ ಹೆಚ್ಚು ಬರೆದು ತಂದವರ ಮನೆಯಲ್ಲಿ ಹೊಸ ಮೋಟಾರಿನ ಮಾತು ನಡೆಯುತ್ತಿದ್ದರೆ, ಮೊದಲು ಈ ಸಿರಿಂಜನ್ನು ಅವರ ತಂದೆಗೂ ತೋರಿಸಲು ಹೇಳಿ.