ಸುತ್ತಿದ ತಂತಿಯ ಚರಿತ್ರೆ: ಕಾಯಿಲ್ ಒಲೆಯಿಂದ ಮಕ್ಕಳ ಜೇಬಿನವರೆಗೆ

ಈ ಸಲದ ಮಾತು ಒಂದು ತುಂಡು ತಂತಿಯ ಬಗ್ಗೆ. ಕನ್ನಡದಲ್ಲಿ ತಂತಿ ಎಂಬ ಪದಕ್ಕೆ ಎಷ್ಟೊಂದು ಕೆಲಸ ನೋಡಿ. ವೀಣೆಗೆ ಕಟ್ಟಿದರೂ ತಂತಿ, ಬೇಲಿಗೆ ಬಿಗಿದರೂ ತಂತಿ, ಬಟ್ಟೆ ಒಣಹಾಕುವುದೂ ತಂತಿಯ ಮೇಲೆ. ಊರಿಂದ ತುರ್ತು ಸುದ್ದಿ ಬಂದರೂ ನಮ್ಮ ಹಿರಿಯರು ‘ತಂತಿ ಬಂತು’ ಎನ್ನುತ್ತಿದ್ದರು. ತಂತು, ತಂತಿ, ತಂತ್ರ ಈ ಮೂರೂ ಪದಗಳು ‘ಎಳೆ, ಹಿಗ್ಗಿಸು’ ಎಂಬ ಅರ್ಥದ ಒಂದೇ ಸಂಸ್ಕೃತ ಧಾತುವಿನಿಂದ ಬಂದವು. ನಾನು ಹೇಳಹೊರಟಿರುವ ತಂತಿಯಲ್ಲಿ ಎಳೆಯೂ ಇದೆ, ತಂತ್ರವೂ ಇದೆ. ಮಕ್ಕಳು ‘ವೇಪ್’ ಎಂದು ಕರೆಯುವ ಇ-ಸಿಗರೇಟಿನ ಒಳಗೆ ಕಾಯುವ ಸುರುಳಿ ತಂತಿ ಅದು. ಅದರ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವು ಬದುಕುತ್ತಿರುವ ಈ ಬೇ ಏರಿಯಾದಲ್ಲೇ. ಆದ್ದರಿಂದ ಅದನ್ನು ತಿಳಿದುಕೊಳ್ಳುವ ಹೊಣೆಯೂ ನಮ್ಮ ಮೇಲಿದೆ.

ವಿದ್ಯುತ್ ಹರಿದರೆ ತಂತಿ ಬಿಸಿಯಾಗುತ್ತದೆ. ಎಷ್ಟು ವಿದ್ಯುತ್ ಹರಿಯುತ್ತದೆ ಎಂಬ ಲೆಕ್ಕವನ್ನು 1827ರಲ್ಲಿ ಜರ್ಮನಿಯ ಓಮ್ ಕೊಟ್ಟರು. ಎಷ್ಟು ಶಾಖ ಹುಟ್ಟುತ್ತದೆ ಎಂಬುದನ್ನು 1840ರ ದಶಕದಲ್ಲಿ ಇಂಗ್ಲೆಂಡಿನ ಜೌಲ್ ತೋರಿಸಿಕೊಟ್ಟರು. ಆದರೆ ಕೆಂಪಗೆ ಕಾದ ತಂತಿ ಗಾಳಿಯಲ್ಲಿ ಬೇಗ ಸುಟ್ಟು ತುಂಡಾಗುತ್ತಿತ್ತು. ಇದಕ್ಕೆ ಉತ್ತರ ಸಿಕ್ಕಿದ್ದು 1905ರಲ್ಲಿ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡ ಅದೇ ವರ್ಷ, ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ಲೋಹಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮರುವರ್ಷ ಪೇಟೆಂಟ್ ಸಿಕ್ಕಿತು. ಅದೇ ನಿಕ್ರೋಮ್. ನಮ್ಮ ಟೋಸ್ಟರಿನಲ್ಲಿ ಬ್ರೆಡ್ ಕೆಂಪಾಗುವುದು ಅದರ ದಯೆಯಿಂದ. ಬಳಿಕ ಸ್ವೀಡನ್ನಿನ ಹಾಲ್‌ಸ್ಟಾಹಮ್ಮರ್ ಎಂಬ ಊರಿನಲ್ಲಿ ಹಾನ್ಸ್ ಫಾನ್ ಕಾಂಟ್ಸೋವ್ ಎಂಬುವರು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿಸಿದ ತಂತಿಗಾಗಿ 1931ರಲ್ಲಿ ಕಂಪನಿ ಕಟ್ಟಿದರು. ತಮ್ಮ ಹೆಸರಿನ ತಲೆಗೆ ಊರಿನ ಹೆಸರಿನ ತಲೆ ಜೋಡಿಸಿ ಅದನ್ನು ‘ಕಾಂಥಾಲ್’ ಎಂದು ಕರೆದರು.

ನಮ್ಮ ಊರುಗಳಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವರಿಗೆ ಇಂಥ ತಂತಿಯ ಪರಿಚಯ ಇದ್ದೇ ಇರುತ್ತದೆ. ವಾರ್ಡನ್ ಕಣ್ಣು ತಪ್ಪಿಸಿ ಮಂಚದ ಕೆಳಗೆ ಇಟ್ಟುಕೊಳ್ಳುತ್ತಿದ್ದ ಕಾಯಿಲ್ ಒಲೆ ನೆನಪಿದೆಯೆ? ಕಾಯಿಲ್ ತುಂಡಾದರೆ ಎರಡೂ ತುದಿಗಳನ್ನು ಹೊಸೆದು ಮತ್ತೆ ಉರಿಸುತ್ತಿದ್ದರು. ಹಾಗೆ ಗಂಟು ಹಾಕಿದಷ್ಟೂ ತಂತಿ ಗಿಡ್ಡವಾಗುತ್ತದೆ. ಗಿಡ್ಡವಾದಷ್ಟೂ ಅದರ ತಡೆ ಕಡಿಮೆ, ಹರಿಯುವ ವಿದ್ಯುತ್ ಹೆಚ್ಚು, ಕಾವೂ ಹೆಚ್ಚು. ಓಮ್ ಹೆಸರು ಕೇಳದವರಿಗೂ ಒಲೆ ಈ ಪಾಠ ಕಲಿಸುತ್ತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಗೆಯಿಲ್ಲದ ಸಿಗರೇಟಿಗೆ ಅಮೆರಿಕದ ಪೆನ್ಸಿಲ್ವೇನಿಯದ ಹರ್ಬರ್ಟ್ ಗಿಲ್ಬರ್ಟ್ 1963ರಲ್ಲೇ ಪೇಟೆಂಟ್ ಅರ್ಜಿ ಹಾಕಿ, 1965ರಲ್ಲಿ ಪಡೆದರು. ಆದರೆ ಅದನ್ನು ಮಾಡಿ ಮಾರುವವರು ಸಿಗಲಿಲ್ಲ. 2003ರಲ್ಲಿ ಚೀನಾದ ಔಷಧ ತಜ್ಞ ಹೊನ್ ಲಿಕ್ ಈಗಿನ ಇ-ಸಿಗರೇಟನ್ನು ರೂಪಿಸಿದರು. ಅವರೂ ಸಿಗರೇಟು ಸೇದುವವರು. ಅವರ ತಂದೆ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಅವರ ಮೊದಲ ಯಂತ್ರದಲ್ಲಿ ಶಬ್ದಾತೀತ ಕಂಪನದಿಂದ ದ್ರವವನ್ನು ಮಂಜು ಮಾಡುವ ಉಪಾಯವಿತ್ತು. ಮುಂದೆ ಎಲ್ಲರೂ ಹಿಡಿದದ್ದು ಅಗ್ಗದ ದಾರಿಯನ್ನು: ಬ್ಯಾಟರಿ, ದ್ರವದಲ್ಲಿ ನೆಂದ ಬತ್ತಿ, ಬತ್ತಿಗೆ ಸುತ್ತಿದ ತಂತಿ.

ಆ ತಂತಿಯನ್ನು ಕೈಯಿಂದಲೇ ಸುತ್ತಿಕೊಳ್ಳುವವರ ಒಂದು ಕಾಲವೂ ಬಂತು. ಕಾರ್ಖಾನೆಯ ಕಾಯಿಲ್‌ಗಳಿಗೆ ದುಡ್ಡು ಸುರಿದು ಬೇಸತ್ತವರು ಕಾಂಥಾಲ್ ತಂತಿಯ ಉಂಡೆ ಕೊಂಡು, 3 ಮಿಲಿಮೀಟರ್ ದಪ್ಪದ ಸ್ಕ್ರೂಡ್ರೈವರಿಗೆ ಐದಾರು ಸುತ್ತು ಹಾಕಿ, ನಡುವೆ ಹತ್ತಿ ತೂರಿಸಿ ಬತ್ತಿ ಮಾಡಿದರು. ನಾವು ದೀಪಕ್ಕೆ ಹೂಬತ್ತಿ ಹೊಸೆಯುವಷ್ಟೇ ನಯದ ಕೆಲಸ. ಹತ್ತಿ ಬಿಗಿಯಾದರೆ ದ್ರವ ಏರುವುದಿಲ್ಲ, ಸಡಿಲವಾದರೆ ಸೋರುತ್ತದೆ. ಸುತ್ತಿದ ಮೇಲೆ ಮೀಟರಿಗೆ ಹಿಡಿದು ತಡೆ ಎಷ್ಟೆಂದು ನೋಡಲೇಬೇಕು. 26 ಗೇಜಿನ ತಂತಿಯ ಆರು ಸುತ್ತಿಗೆ ಸುಮಾರು 0.8 ಓಮ್ ತಡೆ. ತುಂಬಿದ ಬ್ಯಾಟರಿಯ 4.2 ವೋಲ್ಟಿನಲ್ಲಿ ಸುಮಾರು 5 ಆಂಪಿಯರ್ ಹರಿಯುತ್ತದೆ. ತಡೆ 0.1 ಓಮಿಗೆ ಇಳಿದರೆ ಅದೇ ಬ್ಯಾಟರಿಯಿಂದ 42 ಆಂಪಿಯರ್ ಕೇಳಿದಂತೆ. ಅಷ್ಟನ್ನು ಬೆರಳುದ್ದದ ಬ್ಯಾಟರಿ ತಡೆಯುವುದಿಲ್ಲ. ಹಾಸ್ಟೆಲಿನ ಒಲೆಯ ಪಾಠ ಇಲ್ಲಿ ಅಂಗೈಯಲ್ಲಿತ್ತು, ತುಟಿಗೆ ಹತ್ತಿರವಿತ್ತು.

ಕೈ ಪಳಗಿದವರು ದಪ್ಪ ತಂತಿಯ ಮೇಲೆ ಕೂದಲೆಳೆಯಂಥ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಅದನ್ನು ಮತ್ತೆ ಸುರುಳಿ ಮಾಡಿದರು. ಗಿಟಾರಿನ ದಪ್ಪ ತಂತಿಯ ಹಾಗೆ ಕಾಣುವುದರಿಂದ ಅದಕ್ಕೆ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೆಸರು ಬಂತು: ‘ಕ್ಲಾಪ್ಟನ್ ಕಾಯಿಲ್’. ಆ ಹೆಸರು ಕನ್ನಡಿಗರು ಇಟ್ಟಿದ್ದರೆ ವೀಣೆಯ ಮಂದ್ರ, ಅನುಮಂದ್ರ ತಂತಿಗಳು ನೆನಪಾಗುತ್ತಿದ್ದವೇನೋ. ಅವೂ ಹಾಗೆ ಸುತ್ತಿದ ತಂತಿಗಳೇ. ಅಲ್ಲಿ ತಂತಿಗೆ ತೂಕ ಕೂಡಿ ನಾದ ಗಂಭೀರವಾಗಲಿ ಎಂದು ಸುತ್ತುತ್ತಾರೆ. ಇಲ್ಲಿ ಕಾಯುವ ಮೈ ದೊಡ್ಡದಾಗಿ ಆವಿ ದಟ್ಟವಾಗಲಿ ಎಂದು.

ಈ ಕೈಕೆಲಸವನ್ನು ನಾನು ಹೊಗಳುತ್ತಿಲ್ಲ. 2018ರ ಮೇ ತಿಂಗಳಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಯಾವ ರಕ್ಷಣಾ ಸರ್ಕ್ಯೂಟೂ ಇಲ್ಲದ ಇಂಥ ಸಾಧನ ಸಿಡಿದು ಒಬ್ಬರು ಸತ್ತರು. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿದಾಗ, ಕಾದ ತಂತಿಯನ್ನು ಮುಟ್ಟಿದ ದ್ರವದಲ್ಲೂ ಆವಿಯಲ್ಲೂ ನಿಕ್ಕಲ್, ಕ್ರೋಮಿಯಂ, ಸೀಸದಂಥ ಲೋಹಗಳು ಹೆಚ್ಚಾಗಿ ಕಂಡವು. ಆದರೂ ಒಂದು ಮಾತು ನಿಜ. ಸ್ವತಃ ಸುತ್ತುವವರಿಗೆ ತಂತಿ ಯಾವುದು, ತಡೆ ಎಷ್ಟು, ದ್ರವದಲ್ಲಿ ನಿಕೋಟಿನ್ ಎಷ್ಟು ಎಂದು ಗೊತ್ತಿರಲೇಬೇಕಿತ್ತು. ಇಂಥ ದೊಡ್ಡ ಕಾಯಿಲ್‌ಗಳಿಗೆ ಅವರು ಸಾಮಾನ್ಯವಾಗಿ ಹಾಕುತ್ತಿದ್ದದ್ದು ಮಿಲಿಲೀಟರಿಗೆ 3 ಅಥವಾ 6 ಮಿಲಿಗ್ರಾಂ ನಿಕೋಟಿನ್.

ಈಗ ನಮ್ಮ ಊರಿಗೆ ಬರೋಣ. ಸ್ಟ್ಯಾನ್‌ಫರ್ಡಿನಲ್ಲಿ ವಿನ್ಯಾಸ ಓದುತ್ತಿದ್ದ ಆಡಮ್ ಬೋವೆನ್ ಮತ್ತು ಜೇಮ್ಸ್ ಮಾನ್ಸೀಸ್ 2005ರಲ್ಲಿ ತಮ್ಮ ಪದವಿ ಯೋಜನೆಯಾಗಿ ಸಿಗರೇಟಿಗೆ ಬದಲಿ ಸಾಧನವೊಂದನ್ನು ಮಂಡಿಸಿದರು. ಇಬ್ಬರೂ ಸೇದುವವರೇ. ಅದು 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಂಪನಿಯಾಗಿ, 2015ರಲ್ಲಿ ‘ಜೂಲ್’ ಆಗಿ ಮಾರುಕಟ್ಟೆಗೆ ಬಂತು. ಪೆನ್ ಡ್ರೈವಿನಂಥ ಆಕಾರ, ಒಳಗೆ ಮುಚ್ಚಿ ಸೀಲ್ ಮಾಡಿದ ಡಬ್ಬಿ. ಡಬ್ಬಿಯೊಳಗೆ ಅದೇ ನಿಕ್ರೋಮ್ ಸುರುಳಿ, ಅದೇ ಬತ್ತಿ. ಆದರೆ ತೂಕದಲ್ಲಿ ಶೇಕಡ 5 ನಿಕೋಟಿನ್. ಮಿಲಿಲೀಟರಿಗೆ ಸುಮಾರು 59 ಮಿಲಿಗ್ರಾಂ, ಅಂದರೆ ಕೈಯಿಂದ ಸುತ್ತುವವರು ಹಾಕುತ್ತಿದ್ದದ್ದರ ಸುಮಾರು ಹತ್ತರಿಂದ ಇಪ್ಪತ್ತು ಪಟ್ಟು. ಅಷ್ಟು ನಿಕೋಟಿನ್ ಗಂಟಲು ಕೆರೆಯಬೇಕಿತ್ತು. ಬೆಂಜೋಯಿಕ್ ಆಮ್ಲ ಸೇರಿಸಿ ಅದನ್ನು ನಯ ಮಾಡಿದ್ದರು. 2016ರ ಆಗಸ್ಟಿನಿಂದ ಕೇಂದ್ರದ ಎಫ್‌ಡಿಎ ಹೊಸ ನಿಯಮ ತಂದು, ಗಿರಾಕಿಗೆ ದ್ರವ ಬೆರೆಸಿ, ಸಾಧನ ಮಾರ್ಪಡಿಸಿ ಮಾರುವ ಅಂಗಡಿಯವರನ್ನೂ ತಯಾರಕರೆಂದು ಎಣಿಸಿತು. ಕೈಕೆಲಸ ಮೂಲೆಗೆ ಸರಿಯಿತು, ಮುಚ್ಚಿದ ಡಬ್ಬಿ ಮುಂದೆ ಬಂತು. ತಿಳಿಯಬೇಕಾದದ್ದು ಏನೂ ಉಳಿಯಲಿಲ್ಲ, ಎಳೆಯುವುದೊಂದೇ ಉಳಿಯಿತು. ಆಟದ ಸಾಮಾನಿನಷ್ಟು ಸುಲಭವಾದದ್ದು ಸಹಜವಾಗಿ ಮಕ್ಕಳ ಕೈಗೂ ಹೋಯಿತು.

2017ರಲ್ಲಿ ಅಮೆರಿಕದ ಹೈಸ್ಕೂಲು ಮಕ್ಕಳಲ್ಲಿ ಶೇಕಡ 11.7 ಮಂದಿ ಇ-ಸಿಗರೇಟು ಬಳಸುತ್ತಿದ್ದರು. ಒಂದೇ ವರ್ಷದಲ್ಲಿ ಅದು ಶೇಕಡ 20.8ಕ್ಕೆ ಏರಿತು. 2018ರ ಡಿಸೆಂಬರಿನಲ್ಲಿ ದೇಶದ ಸರ್ಜನ್ ಜನರಲ್ ಇದನ್ನು ಮಕ್ಕಳ ನಡುವಿನ ಸಾಂಕ್ರಾಮಿಕವೆಂದು ಕರೆದರು. ಅದೇ ತಿಂಗಳು ಮಾರ್ಲ್‌ಬೊರೊ ಸಿಗರೇಟಿನ ಕಂಪನಿ ಆಲ್ಟ್ರಿಯ 12.8 ಶತಕೋಟಿ ಡಾಲರ್ ಕೊಟ್ಟು ಜೂಲ್‌ನ ಶೇಕಡ 35 ಪಾಲು ಕೊಂಡಿತು. 2019ರ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಇ-ಸಿಗರೇಟಿನ ಮಾರಾಟ ನಿಲ್ಲಿಸುವ ಕಾನೂನು ಮಾಡಿತು. ಅದನ್ನು ರದ್ದುಮಾಡಲು ತಂದ ಪ್ರಪೊಸಿಷನ್ ಸಿ ಯನ್ನು ನವೆಂಬರಿನಲ್ಲಿ ಶೇಕಡ 80ಕ್ಕೂ ಹೆಚ್ಚು ಮತದಾರರು ತಳ್ಳಿಹಾಕಿದರು. 2023ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯ ಸೇರಿ ಆರು ರಾಜ್ಯಗಳು ಮತ್ತು ವಾಷಿಂಗ್ಟನ್ ಡಿ.ಸಿ. ಜೊತೆ ಕಂಪನಿ 462 ದಶಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತು.

ಈ ವಿಷಯದಲ್ಲಿ ಕರ್ನಾಟಕ ಮುಂದಿತ್ತು. ಅಲ್ಲಿ ಇ-ಸಿಗರೇಟು ನಿಷೇಧವಾದದ್ದು 2016ರ ಜೂನಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊಗಿಂತ ಮೂರು ವರ್ಷ ಮೊದಲು. 2019ರಲ್ಲಿ ಇಡೀ ಭಾರತಕ್ಕೆ ಕಾನೂನು ಬಂತು: ತಯಾರಿಕೆ, ಆಮದು, ಮಾರಾಟ, ಸಂಗ್ರಹ ಎಲ್ಲವೂ ಅಪರಾಧ. ಬೇಸಿಗೆ ರಜೆಗೆ ಊರಿಗೆ ಹೋಗುವ ಮಕ್ಕಳ ಬ್ಯಾಗಿನಲ್ಲಿ ಈ ವಸ್ತು ಇರಬಾರದು ಎನ್ನಲು ಇದೊಂದೇ ಕಾರಣ ಸಾಕು. ಹಾಗೆಂದು ನಾವು ಬೀಗುವ ಹಾಗೂ ಇಲ್ಲ. ಅದೇ ಕರ್ನಾಟಕದಲ್ಲಿ ಬೀಡಿಗೆ ನಿಷೇಧವಿಲ್ಲ. ದಕ್ಷಿಣ ಕನ್ನಡದ ಎಷ್ಟೋ ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಎಲೆಗೆ ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ. ಆದರೆ ಸುತ್ತುವ ಕೈಗೆ ತಾನು ಸುತ್ತುತ್ತಿರುವುದು ಏನೆಂದು ಗೊತ್ತಿತ್ತು.

ಕನ್ನಡ ತರಗತಿಯ ಹೊರಗೆ ಮಕ್ಕಳಿಗಾಗಿ ಕಾಯುವ ತಾಯಂದಿರಿಂದ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ: “ನಮ್ಮನೇಲಿ ಯಾರೂ ಸಿಗರೇಟು ಮುಟ್ಟಿದವರಲ್ಲ ಕಣ್ರೀ. ಇವನು ಸೇದಿದ್ರೆ ವಾಸನೆಗೇ ಗೊತ್ತಾಗಲ್ವಾ?” ಗೊತ್ತಾಗುವುದಿಲ್ಲ ಅಕ್ಕ. ಇದರಲ್ಲಿ ಬೆಂಕಿಯಿಲ್ಲ, ಬೂದಿಯಿಲ್ಲ. ಮಾವಿನ ಹಣ್ಣಿನದೋ ಪುದೀನದೋ ವಾಸನೆ ಕ್ಷಣದಲ್ಲಿ ಮಾಯ. ನಾವು ಹೊಗೆಯನ್ನು ಹುಡುಕುತ್ತೇವೆ, ಮಕ್ಕಳ ಜೇಬಿನಲ್ಲಿರುವುದು ತಂತಿ.

ಹಾಗಾಗಿ ಇವತ್ತು ಊಟದ ಹೊತ್ತಿನಲ್ಲಿ ಉಪದೇಶ ಬೇಡ, ಒಂದು ಪ್ರಶ್ನೆ ಕೇಳಿ: “ಇದರೊಳಗೆ ಏನಿರುತ್ತೆ ಗೊತ್ತಾ, ಪುಟ್ಟ?” ಓಮ್ ನಿಯಮ ಶಾಲೆಯಲ್ಲಿ ಓದಿರುವ ಮಕ್ಕಳು, ತಂತಿ, ಬತ್ತಿ, ಬ್ಯಾಟರಿಯನ್ನು ಕಾಗದದ ಮೇಲೆ ಬಿಡಿಸಿ ತೋರಿಸಲು ಅವರಿಗೇ ಹೇಳಿ. ಒಂದು ಡಬ್ಬಿಯಲ್ಲಿ ನಿಕೋಟಿನ್ ಎಷ್ಟೆಂದು ಇಬ್ಬರೂ ಕೂತು ಲೆಕ್ಕ ಹಾಕಿ. ಈಗಾಗಲೇ ಚಟಕ್ಕೆ ಸಿಕ್ಕಿರುವ ಮಗು ನಿಮ್ಮ ಮನೆಯಲ್ಲಿದ್ದರೆ ಬೈದು ಬಾಗಿಲು ಮುಚ್ಚಬೇಡಿ. ನಿಕೋಟಿನ್ ಬಿಡುವುದು ಮಾತಿನಷ್ಟು ಸುಲಭವಲ್ಲ. ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ರಾಜ್ಯದಲ್ಲಿ ‘ಕಿಕ್ ಇಟ್ ಕ್ಯಾಲಿಫೋರ್ನಿಯ’ ಎಂಬ ಉಚಿತ ನೆರವು ಕೂಡ ಇದೆ. ಮುಚ್ಚಿಟ್ಟ ಡಬ್ಬಿಯನ್ನು ತೆರೆಯುವ ಕೆಲಸ ಕಂಪನಿ ಮಾಡುವುದಿಲ್ಲ, ಮನೆ ಮಾಡಬೇಕು.